ತಾಡಗುಂಡಿ ರೋಡಿನ ಜೋಳದ ಪಾಳಿ

ಸೋಲಾಪುರದ ಕಡೆಯಿಂದ ಬಂದ ಸೂಪರ್‌ಫಾಸ್ಟ್ ಗಾಡಿಯೊಂದು ಜಗದೇವಪ್ಪನ ದೋತರ ಬಿಚ್ಚಿಕೊಂಡು ಹೋದದ್ದು ಹಾಡಹಗಲಲ್ಲಿ, ಸಾಕ್ಷಿ ಸಮೇತ.

ತಾಡಗುಂಡಿ ರೋಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಅವನು ಎಂದಿನಂತೆ ಹಸಿರು ನಿಶಾನೆ ಹಿಡಿದು ನಿಂತಿದ್ದ. ಸ್ಟೇಷನ್ ಮುಚ್ಚಿ ವರ್ಷಗಳಾಗಿದ್ದವು. ಬೋರ್ಡಿನ ಮೇಲೆ ನಿಲ್ದಾಣ ಎಂದು ಬರೆದಿದ್ದರೂ ಗಾಡಿಗಳ ಲೆಕ್ಕದಲ್ಲಿ ಅದು ನಿಲ್ಲದ ತಾಣ. ಆದರೂ ಬೆಳಿಗ್ಗೆ ಬಂದು, ಕಸ ಗುಡಿಸಿ, ಹೋಗುವ ಗಾಡಿಗೊಂದು ನಿಶಾನೆ ತೋರಿಸದಿದ್ದರೆ ಜಗದೇವಪ್ಪನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ನಿಶಾನೆ ರೈಲಿನವರು ಕೊಟ್ಟದ್ದಲ್ಲ. ಹೆಂಡತಿ ಸುಭದ್ರಾಬಾಯಿಯ ಕುಪ್ಪಸಕ್ಕೆಂದು ತಂದ ಖಣದಲ್ಲಿ ಮಿಕ್ಕ ತುಂಡು.

ಹಳೆಯ ಪ್ಯಾಸೆಂಜರಿನ ಗಾಳಿ ಹೆಚ್ಚೆಂದರೆ ರುಮಾಲಿನ ತುದಿ ಅಲುಗಿಸುತ್ತಿತ್ತು. ಈ ಹೊಸ ಗಾಡಿ ಸೀದಾ ಕಚ್ಚೆಗೇ ಕೈ ಹಾಕಿತು. ದೋತರ ಗಿರ್ರನೆ ಸುತ್ತಿ, ಮೇಲೆದ್ದು, ಬೇವಿನ ಗಿಡದ ಟೊಂಗೆಯ ಮೇಲೆ ಹೋಗಿ ಕೂತಿತು. ಜಗದೇವಪ್ಪ ಕರ್ತವ್ಯನಿಷ್ಠ. ಕೊನೆಯ ಡಬ್ಬಿ ದಾಟುವವರೆಗೂ ನಿಶಾನೆ ಇಳಿಸಲಿಲ್ಲ. ಇಳಿಸಿದ ಮೇಲೆ ಅದನ್ನು ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದ. ಆದರೆ ಆ ತುಂಡು ಇಂಜಿನ್ ಡ್ರೈವರನಿಗೆ ಕಾಣುವಷ್ಟಿತ್ತೇ ಹೊರತು ಜಗದೇವಪ್ಪನನ್ನು ಮರೆಮಾಡುವಷ್ಟಿರಲಿಲ್ಲ.

ಬೇವಿನ ನೆರಳಲ್ಲಿ ಬಳೆಗಂಟು ಇಟ್ಟುಕೊಂಡು ಟಂಟಂ ಆಟೋಗೆ ಕಾಯುತ್ತಿದ್ದ ಅಖ್ತರಬೇಗಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜಗಳು ಮಾತ್ರ ನಗುತ್ತಿದ್ದವು.

"ನಾ ಏನೂ ನೋಡಿಲ್ಲಣ್ಣ," ಎಂದಳು. "ಪಟ್ಟಾಪಟ್ಟಿ ಚಡ್ಡಿ ಅಂತೂ ನೋಡೇ ಇಲ್ಲ."

"ಹಲ್ಲ ಕಿಸಿಬ್ಯಾಡ ಬೇ. ಆ ಕೋಲು ಕೊಡು ಇತ್ತಾಗ."

"ಕೊಡ್ತೇನಿ ತಡಿ. ಖರೇ ಹೇಳು, ನಿಲ್ಲದ ಗಾಡಿಗೆ ನಿಶಾನಿ ಯಾಕ ತೋರಸ್ತಿ? ನೀ ಹೋಗಂದ್ರ ಹೋಗ್ತದೇನು ಅದು?"

"ನಿಂದರ್ತದ ಒಂದಿನ," ಎಂದ ಜಗದೇವಪ್ಪ ಟೊಂಗೆ ಬಡಿಯುತ್ತ. "ನಿಂತಾಗ ಟಿಕೇಟ ಕೊಡಾಕ ಕಿಟಕಿ ಹಿಂದ ಒಬ್ಬ ಬೇಕಲ್ಲ."

ಆ ಒಬ್ಬ ತಾನೇ ಆಗಿರಬೇಕು. ಅವನಿಗೆ ಉಳಿದಿದ್ದ ಆಸೆ ಅದೊಂದೇ. ಗಾಡಿ ತಿರುಗಿ ನಿಂತ ದಿನ ಆ ತುಕ್ಕು ಹಿಡಿದ ಸರಳಿನ ಕಿಟಕಿಯ ಹಿಂದೆ ತಾನು ಕೂತಿರಬೇಕು, ಮೊದಲ ಟಿಕೆಟ್ ತನ್ನ ಕೈಯಿಂದ ಹೋಗಬೇಕು. ಆಮೇಲೆ ಬೇಕಾದರೆ ತಾನೂ ಹೋಗಬಹುದು, ಟಿಕೆಟ್ ಇಲ್ಲದ ಊರಿಗೆ.

ತಾಡಗುಂಡಿ ರೋಡ್ ಎಂದರೆ, ತಾಡಗುಂಡಿ ಇಲ್ಲಿಲ್ಲ, ಇಲ್ಲಿಂದ ಅಲ್ಲಿಗೆ ಒಂದು ರೋಡ್ ಇದೆ ಎಂದು ಅರ್ಥ. ಬಹಳ ದಿನ ಆ ರೋಡೂ ಇರಲಿಲ್ಲ. ಎರೆಹೊಲದ ನಡುವೆ ಚಕ್ಕಡಿ ಹೋಗುವ ದಾರಿ ಇತ್ತು, ಮಳೆ ಬಿದ್ದರೆ ಅದೂ ಹೊಲವೇ ಆಗುತ್ತಿತ್ತು. ಅಫಜಲಪುರ ತಾಲೂಕು ಮುಗಿದು ಆಳಂದ ತಾಲೂಕು ಶುರುವಾಗುವ ಜಾಗ ಅದು. ಇವರು ಆ ಕಡೆಯವರದು ಅಂತಲೂ, ಅವರು ಈ ಕಡೆಯವರದು ಅಂತಲೂ ಉದಾರವಾಗಿ ಬಿಟ್ಟುಕೊಟ್ಟಿದ್ದರಿಂದ ಊರಿಗೆ ಬಸ್ಸು ಬಂದದ್ದು ಎಷ್ಟೋ ತಡವಾಗಿ. ಕಲಬುರಗಿಯ ದವಾಖಾನೆ, ಕಾಲೇಜು, ಕೋರ್ಟು, ಸೋಲಾಪುರದ ಚಾದರು, ಬೀಗರ ಮನೆ, ಎಲ್ಲದಕ್ಕೂ ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ಯಾಸೆಂಜರ್ ಗಾಡಿಯೇ ಗತಿ.

ಇಷ್ಟು ಸಣ್ಣ ಸ್ಟೇಷನ್ನಿಗೆ ರೈಲಿನವರು ಸ್ಟೇಷನ್ ಮಾಸ್ತರರನ್ನು ಇಡುವುದಿಲ್ಲ. ಊರಿನವನೊಬ್ಬನನ್ನು ಏಜೆಂಟ್ ಮಾಡುತ್ತಾರೆ. ಅವನು ದೊಡ್ಡ ಸ್ಟೇಷನ್ನಿಗೆ ಹೋಗಿ, ತನ್ನ ರೊಕ್ಕ ಹಾಕಿ ಟಿಕೆಟಿನ ಕಟ್ಟು ತರಬೇಕು, ಊರಲ್ಲಿ ಮಾರಬೇಕು, ಮಾರಿದ್ದರ ಮೇಲೆ ಕಮಿಶನ್ ಪಡೆಯಬೇಕು. ಕಮಿಶನ್ನು ಹೆಸರಿಗೆ ತಕ್ಕಂತೆ ಕಮ್ಮಿ. ಜಗದೇವಪ್ಪನ ಅಪ್ಪ ಅಂಥ ಏಜೆಂಟ್. ಮೆತ್ತನೆಯ ಮನುಷ್ಯ. ಎದುರಿಗೆ ಬಂದವರೆಲ್ಲ ಕಾಕಾ, ಮಾಮಾ, ಬೀಗರು. ಅಂಥವರ ಮುಂದೆ ಕೈ ಚಾಚಿ ರೊಕ್ಕ ಕೊಡು ಎನ್ನುವುದು ಹೇಗೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವನ ಸಂಕಟವನ್ನು ಊರೇ ಬಗೆಹರಿಸಿತು. ಏಜೆಂಟನಾದ ಮೊದಲ ಸುಗ್ಗಿಯಲ್ಲಿ ಊರ ಗೌಡರು ಚಕ್ಕಡಿಯಿಂದ ಒಂದು ಚೀಲ ಬಿಳಿಜೋಳ ಅವನ ಪಡಸಾಲೆಯಲ್ಲಿ ಇಳಿಸಿದರಂತೆ.

"ಏನ್ರಿ ಗೌಡ್ರ ಇದು?"

"ಆಯ. ಹಜಾಮಗ ದಿನಾ ರೊಕ್ಕ ಎಣಸ್ತೇವೇನು? ಕಂಬಾರಗ ಕುಡಗೋಲಿಗೊಮ್ಮೆ ಎಣಸ್ತೇವೇನು? ವರ್ಷಾ ಕೆಲಸ ಮಾಡ್ತಾರ, ಸುಗ್ಗ್ಯಾಗ ಕಾಳು ಒಯ್ತಾರ. ನೀ ಊರಿಗೆ ರೈಲಿನಾಂವ. ನಿನಗೂ ಹಂಗೇ."

ಅಪ್ಪನಿಗೆ ಇದು ಸರಿಯಲ್ಲ ಎಂದು ಎಲ್ಲೋ ಅನ್ನಿಸಿದ್ದುಂಟು. ಆದರೆ ಹೊಸ್ತಿಲು ದಾಟಿ ಒಳಗೆ ಬಂದ ಕಾಳನ್ನು ತಿರುಗಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಹಾಗೆ ಮಾಡಿದ ಮನೆಯಲ್ಲಿ ಗಿರಣಿ ಹಿಟ್ಟಿಗೂ ಬರಗಾಲ ಬರುತ್ತದಂತೆ. ಅವನು ಚೀಲ ಒಳಗಿಟ್ಟ. ಮರುದಿನ ಇನ್ನೊಂದು ಮನೆಯಿಂದ ತೊಗರಿ, ಮತ್ತೊಂದರಿಂದ ಕಡಲೆ, ಕರಜಗಿ ಕಡೆಯ ಬೀಗರಿಂದ ಬೆಲ್ಲದ ಪೆಂಟೆ. ಊರಿಗೆ ಊರೇ ರೈಲನ್ನು ಕಂಬಾರನ ಕುಲುಮೆಯ ಸಾಲಿಗೆ ಸೇರಿಸಿ ನಿಶ್ಚಿಂತವಾಯಿತು.

ಅಪ್ಪ ಹೋದ ಮೇಲೆ ಕಿಟಕಿ ಜಗದೇವಪ್ಪನದಾಯಿತು, ಕಿಟಕಿಯ ಜೊತೆ ಜೋಳವೂ. ಉಂಡ ಮನೆಗೆ ತೀರಿಸಬೇಕಾದ ನಿಷ್ಠೆಗೆ ಹಿಂದಿನವರು ಜೋಳದ ಪಾಳಿ ಎನ್ನುತ್ತಿದ್ದರಲ್ಲ, ಅದನ್ನು ಅವನು ಮನಸ್ಸಿಟ್ಟು ನಡೆಸಿದ. ಹೊಲದವರು ಬಂದರೆ ಕಿಟಕಿಯಿಂದಲೇ "ಶರಣ್ರಿ, ಹತ್ರಿ ಹತ್ರಿ, ಗಾಡಿ ಬಂತು" ಎನ್ನುವನು. ಹೊಲವಿಲ್ಲದವರು, ಅಂದರೆ ಬಳೆಯ ಅಖ್ತರಬೇಗಂ, ಶಾಲೆಗೆ ಬರುವ ಪರಊರಿನ ಮಾಸ್ತರರು, ಎಲ್ಲಿಂದಲೋ ಬಂದ ಬೀಜದ ಕಂಪನಿಯವರು, ಇವರಿಗೆ ಮಾತ್ರ ಟಿಕೆಟ್. ಅವರು ರೊಕ್ಕ ಕೊಟ್ಟರೆ ಅವನಿಗೆ ಒಂದು ಥರ ನಾಚಿಕೆಯಾಗುತ್ತಿತ್ತು. ಪಾಪ, ಜೋಳವೂ ಇಲ್ಲದವರು!

ಟಿಕೆಟ್ ಇಲ್ಲದಿದ್ದರೂ ತಾಡಗುಂಡಿಯವರು ಕೆಟ್ಟವರಲ್ಲ. ಕಳ್ಳತನ ಮಾಡುತ್ತಿದ್ದೇವೆಂದು ಅವರ ಕನಸಿನಲ್ಲೂ ಇರಲಿಲ್ಲ. ಅಪರೂಪಕ್ಕೊಮ್ಮೆ ಡಬ್ಬಿಯಲ್ಲಿ ಟಿಕೆಟ್ ನೋಡುವ ಸಾಹೇಬರು ಕಾಣಿಸಿದರೆ, "ನಮ್ದು ಲೆಕ್ಕ ಜಗದೇವಪ್ಪನ ಕಡೆ ಅದ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಸಾಹೇಬರಿಗೆ ಜಗದೇವಪ್ಪ ಯಾರೆಂದು ಗೊತ್ತಿಲ್ಲದೆ ದಂಡ ಹಾಕಿದರೆ, ಸಿಟ್ಟಿನಿಂದ ಸಂಜೆ ಗಾಡಿಗೆ ಇಳಿದು ನೇರ ಕಿಟಕಿಗೆ ಬರುತ್ತಿದ್ದರು. "ನಮ್ಮ ಜ್ವಾಳ ತಿಂದು ನಮಗೇ ದಂಡ ಹಾಕಸ್ತಿ ಏನಪಾ?" ಜಗದೇವಪ್ಪ ಕೈ ಮುಗಿದು, ಅವರ ಜೋಳದಲ್ಲೇ ಒಂದು ಸೇರು ಅವರಿಗೆ ತಿರುಗಿ ಅಳೆದು ಕೊಡುತ್ತಿದ್ದ.

ಜೋಳಕ್ಕಿಂತ ಹೆಚ್ಚಾಗಿ ಅವನು ದುಡಿದದ್ದು ಅಳಿಯ ಅನೀಲಕುಮಾರನಿಗೆ. ತೀರಿಕೊಂಡ ಅಕ್ಕನ ಮಗ. ಕಲಬುರಗಿಯಲ್ಲಿ ವಕೀಲಿ ಓದುವಾಗ ಎಲ್ಲ ಪರೀಕ್ಷೆಗೂ ತಡವಾಗಿ ಏಳುವುದು ಅವನ ವಾಡಿಕೆ. ಗಾಡಿ ಬಂದು ನಿಂತು, ಗಾರ್ಡ್ ಸಾಹೇಬರು ಸೀಟಿ ಬಾಯಿಗಿಟ್ಟರೆ ಜಗದೇವಪ್ಪ ಹಿಂದಿನ ಡಬ್ಬಿಗೆ ಓಡಿ, "ಸಾಹೇಬ್ರ, ಒಂದ್ ಲೋಟ ಮಜ್ಜಿಗಿ, ಒಂದೇ ಲೋಟ" ಎಂದು ತಡೆಯುತ್ತಿದ್ದ. ಗಾರ್ಡ್ ಸಾಹೇಬರು ಮಜ್ಜಿಗೆ ಕುಡಿಯುವಷ್ಟರಲ್ಲಿ ದೂರದ ತೊಗರಿ ಹೊಲದಲ್ಲಿ ಅಳಿಯನ ತಲೆ ಕಾಣಿಸುತ್ತಿತ್ತು. ಹೀಗೆ ಒಂದು ರೈಲು ಗಾಡಿ, ಅದರಲ್ಲಿ ಕೂತ ಅಷ್ಟೂ ಮಂದಿ, ಒಬ್ಬ ವಕೀಲ ತಯಾರಾಗುವುದಕ್ಕೆ ಕಾದು ನಿಂತಿದ್ದುಂಟು.

ಊರೂರೇ ಬಾಗಿಲು ಹಾಕಿಕೊಂಡ ರೋಗದ ಕಾಲದಲ್ಲಿ ಗಾಡಿಗಳೆಲ್ಲ ನಿಂತವು. ಮತ್ತೆ ಶುರುವಾದಾಗ ಉಳಿದ ಸ್ಟೇಷನ್ನುಗಳಲ್ಲಿ ಒಂದೊಂದಾಗಿ ನಿಂತವು, ತಾಡಗುಂಡಿ ರೋಡಿನಲ್ಲಿ ನಿಲ್ಲಲಿಲ್ಲ. ಕೇಳಲು ಹೋದವರಿಗೆ ಮೇಲಿನವರು ಹೇಳಿದ್ದು ಇಷ್ಟೇ: ಅಲ್ಲಿ ಹತ್ತುವವರೇ ಇಲ್ಲವಲ್ಲ.

ಊರು ಬೆರಗಾಯಿತು. "ಹತ್ತಾವ್ರೇ ಇಲ್ಲಂತ! ಡಬ್ಬಿ ತುಂಬ ನಾವೇ ಇರ್ತಿದ್ದಿವಲ್ಲೋ!" ಎಂದು ಕಟ್ಟೆಯ ಮೇಲೆ ಕೂತು ರೈಲನ್ನು ಹಳಿದರು. ಹಳಿಯುವುದಕ್ಕೆ ಹಳಿಗಳಾದರೂ ಇದ್ದವು. ಜೋಳಕ್ಕೂ ಟಿಕೆಟ್ಟಿಗೂ ಇರುವ ಸಂಬಂಧ ಯಾರ ಬಾಯಲ್ಲೂ ಬರಲಿಲ್ಲ. ಜಗದೇವಪ್ಪನ ಹೊಟ್ಟೆಗೆ ಮಾತ್ರ ಅದು ಗೊತ್ತಾಗಿತ್ತು. ಹೊಟ್ಟೆಗೆ ಗೊತ್ತಾದದ್ದನ್ನು ಬಾಯಿಗೆ ತರಲು ಅವನಿಗೆ ಧೈರ್ಯವಾಗಲಿಲ್ಲ. ಆ ಸುಗ್ಗಿಯಿಂದ ಜೋಳವೂ ಬರಲಿಲ್ಲ. ರೈಲಿಲ್ಲ, ಆಯ ಇಲ್ಲ, ಲೆಕ್ಕ ಸರಿಯಾಗಿತ್ತು. ಅವನು ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ.

ಆಗ ಅನೀಲಕುಮಾರ ರೈಲು ಹೋರಾಟ ಸಮಿತಿ ಕಟ್ಟಿದ. ಸಮಿತಿಯಲ್ಲಿ ಹೋರಾಟಕ್ಕಿಂತ ಹಾರಾಟ ಹೆಚ್ಚು, ಹಾರಾಟಕ್ಕಿಂತ ಹಾರ ಹೆಚ್ಚು ಎಂದು ಆಡಿಕೊಳ್ಳುವವರಿದ್ದರು. ಆದರೆ ಜಗದೇವಪ್ಪ ಎಲ್ಲದಕ್ಕೂ ಹೋದ. ಅಫಜಲಪುರದ ಧರಣಿಯಲ್ಲಿ ಮುಂದಿನ ಸಾಲಿನಲ್ಲಿ ಕೂತ. ರಸ್ತೆ ತಡೆಯಲ್ಲಿ ಬಿಸಿಲಿಗೆ ತಲೆ ತಿರುಗಿ ಬಿದ್ದ. ಆ ಫೋಟೋ ಪೇಪರಿನಲ್ಲಿ ಬಂತು, ಕೆಳಗೆ "ಹೋರಾಟಗಾರ ಅಸ್ವಸ್ಥ" ಎಂದಿತ್ತು. ಪ್ರತಿ ಸಲವೂ ಅನೀಲಕುಮಾರ ಮೈಕಿನಲ್ಲಿ ಹೇಳುತ್ತಿದ್ದ ಮಾತು ಒಂದು: "ಗಾಡಿ ನಿಂತ ದಿನ ಮೊದಲ್ನೇ ಟಿಕೇಟ ನಮ್ಮ ಜಗದೇವಪ್ಪ ಮಾಮಾನ ಕೈಯಾಗಿಂದೇ!" ಚಪ್ಪಾಳೆ ಬೀಳುತ್ತಿತ್ತು. ಜಗದೇವಪ್ಪ ರುಮಾಲು ಸರಿಮಾಡಿಕೊಳ್ಳುತ್ತಿದ್ದ.

ದೋತರ ಹಾರಿದ ಮರುದಿನವೇ ಅಳಿಯ ಮನೆಗೆ ಬಂದ. ಹೊಸ ಕಾರು, ಬಿಳಿ ಅಂಗಿ.

"ಮಾಮಾ, ಕೆಲಸ ಆಗಾಕತ್ತದ. ಸ್ಟೇಷನ್ ತಿರಗಿ ಸುರು ಮಾಡೂ ವಿಚಾರ ಮ್ಯಾಲಿನವ್ರು ಮಾಡ್ಯಾರ. ಗುರುವಾರ ಅಧಿಕಾರಿ ಬರ್ತಾರ, ಊರ ಮಂದಿನ್ನ ಕೂಡಿಸಿ ಕೇಳ್ತಾರ. ಅವರು ಹೂಂ ಅಂದ್ರ ಆತು."

ಜಗದೇವಪ್ಪ ದಡಕ್ಕನೆ ಎದ್ದ. ಒಳಗೆ ಹೋಗಿ ಅಪ್ಪನ ಕರೀ ಕೋಟು ತೆಗೆದು ಕೊಡವಿದ.

"ಕೋಟ ಹಾಕ್ಕೋ, ಚಂದ ಕಾಣ್ತದ," ಎಂದ ಅಳಿಯ. "ಮುಂದಿನ ಕುರ್ಚಿ ನಿಂದೇ. ಆದ್ರ ಮಾಮಾ, ನೀ ಏನೂ ಮಾತಾಡಬ್ಯಾಡ. ನಾ ಇದ್ದೇನಲ್ಲ, ನಾ ಮಾತಾಡ್ತೇನಿ. ನೀ ಬಾಯಿ ಮುಚ್ಕೊಂಡು ಕೂಡು, ಅಷ್ಟ."

ಕಾರು ಹೋದ ಮೇಲೆ ಸುಭದ್ರಾಬಾಯಿ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ನಿಮ್ಮ ಅಳಿಯ ನಿಮಗ ಬಾಯಿ ಮುಚ್ಚು ಅಂದಾನಂದ್ರ, ತಾ ಏನೋ ಬಾಯಿ ಬಿಡಾವ ಇದ್ದಾನ ನೋಡ್ರಿ."

"ಸುಮ್ನಿರು ಬೇ. ವಕೀಲ ಇದ್ದಾನ. ಮಾತು ಅವನ ದಂಧೆ."

"ಅದಕ್ಕೇ ಅಂದೆ," ಎಂದು ಅವಳು ಮತ್ತೆ ಬಡಿಯತೊಡಗಿದಳು.

ಗುರುವಾರ ಪ್ಲಾಟ್‌ಫಾರ್ಮಿನ ಮೇಲೆ ಪೆಂಡಾಲು ಬಿತ್ತು. ಬಾಡಿಗೆ ಕುರ್ಚಿ, ಸುಸಲಾ, ಮಿರ್ಚಿ ಭಜಿ, ಚಹಾ. ಜಗದೇವಪ್ಪ ನಸುಕಿನಲ್ಲೇ ಬಂದು ಟಿಕೆಟ್ ಕಿಟಕಿಗೆ ಎಣ್ಣೆ ಬಿಟ್ಟು, ಮೇಲೆ ಕೆಳಗೆ ಎಳೆದು ನೋಡಿದ್ದ. ಕಿರ್ ಎನ್ನುತ್ತ ಏರಿತು, ಕಿರ್ ಎನ್ನುತ್ತ ಇಳಿಯಿತು. ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ ಹಾಗಿತ್ತು.

ಬಂದ ಅಧಿಕಾರಿಯ ಹೆಸರು ವೃಂದಾ. ಜೀಪಿನಿಂದ ಇಳಿದವರು ಭಜಿಯನ್ನೂ ಹಾರವನ್ನೂ ಪಕ್ಕಕ್ಕೆ ಸರಿಸಿ ನೇರ ವಿಷಯಕ್ಕೆ ಬಂದರು. "ನೋಡ್ರಿ, ಇಲ್ಲಿ ದಿನಕ್ಕ ಬೆರಳೆಣಿಕೆಯಷ್ಟು ಟಿಕೆಟ್ ಹೋಗ್ಯಾವ. ಅದಕ್ಕೇ ಮುಚ್ಚಿದ್ದು. ತಿರುಗಿ ತೆಗಿಬೇಕಂದ್ರ ಮ್ಯಾಲಿನವ್ರು ನನ್ನ ಒಂದೇ ಪ್ರಶ್ನೆ ಕೇಳ್ತಾರ. ಆವಾಗ ಮಂದಿನೇ ಇರಲಿಲ್ಲೋ? ಇಲ್ಲಾ, ಇದ್ದೂ ಟಿಕೆಟ್ ತಗೊಳ್ಳಲಿಲ್ಲೋ? ಮಂದಿ ಇಲ್ಲಂದ್ರೂ ಸ್ಟೇಷನ್ ಬರೂದಿಲ್ಲ, ಟಿಕೆಟ್ ತಗೊಳ್ಳೂದಿಲ್ಲಂದ್ರೂ ಬರೂದಿಲ್ಲ."

ಅನೀಲಕುಮಾರ ಎದ್ದು ನಿಂತ.

"ಮೇಡಂ, ಎರಡೂ ಅಲ್ರಿ. ಮಂದಿ ಇದ್ರು. ಟಿಕೆಟ್ಟೂ ಬೇಡಿದ್ರು. ಏಜೆಂಟರು ಕೊಡಲಿಲ್ಲ."

ಯಾವ ಏಜೆಂಟ್ ಇರಬಹುದೆಂದು ಜಗದೇವಪ್ಪ ಕುತೂಹಲದಿಂದ ಅತ್ತಿತ್ತ ನೋಡಿದ. ಎಲ್ಲರ ಕಣ್ಣೂ ಮುಂದಿನ ಕುರ್ಚಿಯ ಮೇಲಿದ್ದವು. ಆ ಕುರ್ಚಿಯಲ್ಲಿ ಅವನೇ ಕೂತಿದ್ದ.

"ವಯಸ್ಸಾದವ್ರು," ಅಳಿಯನ ದನಿ ಮೃದುವಾಗಿತ್ತು, ಕೋರ್ಟಿನಲ್ಲಿ ಎದುರು ಕಕ್ಷಿದಾರನ ಬಗ್ಗೆ ಮಾತಾಡುವಾಗ ಇರುವಷ್ಟು. "ಕಿಟಕಿನೇ ತಗಿತಿರಲಿಲ್ಲ. ನಮ್ಮ ಮಾಮಾನೇ ಅವರು, ನನಗ ಭಾಳ ಗೌರವ ಅದ. ಆದ್ರ ಖರೇ ಖರೇನೇ ಅಲ್ರಿ? ಊರಿಂದು ಏನೂ ತಪ್ಪಿಲ್ಲ. ಈ ಸಲ ಕಲತ ಹುಡುಗನ್ನ ಕೂಡಸೋಣು. ನಮ್ಮ ಮನಿಯಾಕಿ ತಮ್ಮ ಅಮರನಾಥ ಅಂತ ಇದ್ದಾನ, ಅಫಜಲಪುರದಾಗ ಆನ್‌ಲೈನ್ ಸೆಂಟರ್ ನಡಸ್ತಾನ. ಕಂಪ್ಯೂಟರ್ ಬರ್ತದ, ಎಲ್ಲಾ ಬರ್ತದ."

ಎರಡನೇ ಸಾಲಿನಿಂದ ದೇವೀಂದ್ರಪ್ಪ ಗೌಡ ಎದ್ದ. ಮೊದಲ ಚೀಲ ಇಳಿಸಿದ ಗೌಡರ ಮಗ. "ಹೌದ್ರಿ ಮೇಡಂ. ನಾ ರೊಕ್ಕ ಹಿಡ್ಕೊಂಡು ಎಷ್ಟ ಸಲ ನಿಂತೇನಿ. ಹತ್ರಿ ಗೌಡ್ರ, ಗಾಡಿ ಬಂತು ಅಂತಿದ್ದ, ಟಿಕೇಟ ಕೊಡ್ತಿರಲಿಲ್ಲ."

ಇದರಲ್ಲಿ ಅರ್ಧ ಸತ್ಯವಿತ್ತು. ಆ ಅರ್ಧದ ಬೆನ್ನೇರಿ ಉಳಿದವರೂ ಎದ್ದರು. ನನಗೂ ಕೊಡಲಿಲ್ಲ, ನಮ್ಮ ಮನಿಯವರಿಗೂ ಕೊಡಲಿಲ್ಲ, ಕೇಳಿದ್ರ ಸಿಟ್ಟಿಗೇಳ್ತಿದ್ದ. ಸುಳ್ಳು ಸೂಪರ್‌ಫಾಸ್ಟ್, ನಡುವೆ ಎಲ್ಲಿಯೂ ನಿಲ್ಲಲಿಲ್ಲ. ಜಗದೇವಪ್ಪ ಒಂದೊಂದೇ ಮುಖ ನೋಡುತ್ತ ಕೂತ. ಇವನ ಹೆಂಡತಿಯ ಹೆರಿಗೆಗೆ ಗಾಡಿ ತಡೆದದ್ದು. ಇವನ ತೊಗರಿ ಚೀಲಗಳನ್ನು ಡಬ್ಬಿಗೆ ಏರಿಸಲು ಹೆಗಲು ಕೊಟ್ಟದ್ದು. ಇವನ ದಂಡಕ್ಕೆ ಸೇರು ಅಳೆದದ್ದು. ಕೊನೆಗೆ ಅಳಿಯನ ಮುಖಕ್ಕೆ ಬಂದ. ಅಳಿಯ ಮೊಬೈಲಿನಲ್ಲಿ ಏನೋ ಮುಖ್ಯವಾದದ್ದನ್ನು ನೋಡುತ್ತಿದ್ದ.

ಜಗದೇವಪ್ಪ ಕರೀ ಕೋಟಿನ ಗುಂಡಿ ಹಾಕಿಕೊಂಡ. ಮೊನ್ನೆ ಗಾಳಿಗೆ ದೋತರ ಹಾರಿದಾಗ ಕೈಯಲ್ಲಿ ತುಂಡು ಬಟ್ಟೆಯಾದರೂ ಇತ್ತು.

ವೃಂದಾ ಮೇಡಂ ಪೆನ್ನು ಮುಚ್ಚಿದರು. "ಏಜೆಂಟರು ಟಿಕೆಟ್ ಕೊಡಲಿಲ್ಲ. ಹಂಗಾದ್ರ ನೀವೆಲ್ಲ ಹ್ಯಾಂಗ ಹೋಗ್ತಿದ್ರಿ?"

"ಗಾಡಿ ಹತ್ತಿ ಹೋಗ್ತಿದ್ವಿ," ಎಂದ ದೇವೀಂದ್ರಪ್ಪ ತಡಮಾಡದೆ.

"ಟಿಕೆಟ್ ಇಲ್ದ?"

"ಇಲ್ಲ ಮೇಡಂ, ಹೋಗ್ತಿರಲೇ ಇಲ್ಲ!" ಅನೀಲಕುಮಾರ ನಡುವೆ ಹಾರಿದ. "ಗೌಡ್ರು ಹೋಗಬೇಕು ಅಂತಿದ್ವಿ ಅನ್ನಾಕತ್ತಾರ."

"ಯಾರೂ ಹೋಗ್ತಿರಲಿಲ್ಲ ಅಂದ್ರ ನಿಮಗ ಸ್ಟೇಷನ್ ಯಾಕ ಬೇಕು?"

ಹಿಂದಿನಿಂದ ಬಳೆಗಳ ಸದ್ದು. ಅಖ್ತರಬೇಗಂ ಎದ್ದಿದ್ದಳು.

"ಬಾಯಾರೆ, ನನಗ ಒಂದ್ ಮಾತು. ಟಿಕೇಟ ಕೊಡಲಿಲ್ಲ ಅಂತಾರಲ್ಲ, ನನಗ ಹ್ಯಾಂಗ ಕೊಟ್ಟ? ಇಷ್ಟ್ ವರ್ಷ ಸೋಲಾಪುರಕ್ಕ ಬಳಿ ತರಾಕ ಹೋಗೇನಿ, ಒಂದಿನ ಟಿಕೇಟ ಇಲ್ದ ಹತ್ತಿಲ್ಲ. ಇವ್ರಂಗ ಹೊಲ ಇದ್ದಿದ್ರ ನಾನೂ ಜ್ವಾಳ ಹಾಕಿ ಹೋಗ್ತಿದ್ದೆ."

"ಜೋಳ?" ವೃಂದಾ ಮೇಡಂ ತಲೆ ಎತ್ತಿದರು. "ಯಾವ ಜೋಳ?"

ಇಷ್ಟು ಹೊತ್ತು ಜಗದೇವಪ್ಪನನ್ನು ಇರಿದ ಕಣ್ಣುಗಳೇ ಈಗ ಅವನನ್ನು ಬೇಡತೊಡಗಿದವು. ಹೇಳಲು ಒಂದು ಮಾತು ಸಾಕಿತ್ತು. ಆಯದ ಕತೆ ಹೇಳಿದರೆ ಅವನ ಹೆಸರು ಉಳಿಯುತ್ತಿತ್ತು, ಅರ್ಧವಾದರೂ. ಆದರೆ ಊರು ಟಿಕೆಟ್ ಕೊಳ್ಳದ ಊರೆಂದು ಮೇಡಂ ಬರೆದುಕೊಳ್ಳುತ್ತಿದ್ದರು, ಗಾಡಿ ಎಂದೆಂದಿಗೂ ನಿಲ್ಲುತ್ತಿರಲಿಲ್ಲ.

ಮೊಣಕೈಗೆ ಬೆರಳು ಒತ್ತಿದ ಹಾಗಾಯಿತು. ಅಳಿಯ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದ: "ಮಾಮಾ, ನಿನ್ನ ಕೈ ಮುಗಿತೇನಿ. ಸ್ಟೇಷನ್ ಹೋಗ್ತದ."

ಸ್ಟೇಷನ್ ಹೋಗುತ್ತದೆ ಎಂದು ತನಗೆ ಹೇಳಿಕೊಡುವವನು ಇವನು! ಜಗದೇವಪ್ಪ ಆ ಕೈಯನ್ನು, ನೊಣ ಸರಿಸಿದ ಹಾಗೆ, ಸರಿಸಿ ಎದ್ದ. ಒಮ್ಮೆ ಕಿಟಕಿಯ ಕಡೆ ನೋಡಿದ. ಸರಳುಗಳಿಗೆ ಬಿಟ್ಟ ಎಣ್ಣೆ ಬಿಸಿಲಿಗೆ ಮಿಂಚುತ್ತಿತ್ತು.

"ಜ್ವಾಳಂದ್ರ... ಹಬ್ಬಕ್ಕ ಹುಣಿವಿಗೆ ಪ್ರೀತಿಲೆ ಕೊಡ್ತಿದ್ರು ರೀ," ಎಂದ. "ಅವರು ಅಂದದ್ದು ಬರಾಬರಿ ಅದ. ನಾ ಕಿಟಕಿ ತಗಿತಿರಲಿಲ್ಲ."

"ಕಿಟಕಿ ತಗಿತಿರಲಿಲ್ಲ. ಹಂಗಾದ್ರ ಈ ಬಾಯಾರಿಗೆ ಎಲ್ಲಿಂದ ಕೊಟ್ರಿ?"

"ಕಿಟಕಿ ಸಂದ್ಯಾಗಿಂದ."

ಅಖ್ತರಬೇಗಂ ಹಣೆ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಮೊನ್ನೆ ದೋತ್ರ ಹೋತು, ಇವತ್ತ ಇಜ್ಜತ್ತೂ ತಾನೇ ಬಿಚ್ಚಿ ಕೊಟ್ಟ ನೋಡ್ರಿ," ಎಂದು ಬಳೆಗಂಟು ಹೆಗಲಿಗೇರಿಸಿ, ತಿರುಗಿ ನೋಡದೆ ಹೊರಟುಹೋದಳು. ಆ ಹೊತ್ತಿನಲ್ಲಿ ಜಗದೇವಪ್ಪನ ಪರ ಇದ್ದ ಒಂದೇ ಒಂದು ಜೀವ ಅದು. ಅದನ್ನೂ ಅವನೇ ಕಳಿಸಿದ ಹಾಗಾಯಿತು.

ಉಳಿದವರೆಲ್ಲ ಉಸಿರು ಬಿಟ್ಟರು. ಗಾಳಿ ತಿರುಗಿತು. "ದೊಡ್ಡ ಮನಸಿನ ಮನಶಾ ರೀ," ಎಂದರು ಯಾರೋ. "ವಯಸ್ಸಿಗೆ ಯಾರಿಗಾದ್ರೂ ಮರವು ಬರ್ತದ," ಎಂದರು ಇನ್ಯಾರೋ. ಅನೀಲಕುಮಾರ ತಾನೇ ಚಹಾದ ಲೋಟ ತಂದು ಮಾಮಾನ ಕೈಗೆ ಕೊಟ್ಟ. ಜಗದೇವಪ್ಪ ಅದನ್ನು ಕುರ್ಚಿಯ ಕೆಳಗಿಟ್ಟ. ಅದರ ಮೇಲೆ ಕೆನೆ ಕಟ್ಟಿತು.

ವೃಂದಾ ಮೇಡಂ ಎಲ್ಲ ಸುಳ್ಳುಗಳನ್ನೂ ಮಡಚಿ ಫೈಲಿನಲ್ಲಿಟ್ಟ ಹಾಗೆ ಫೈಲು ಮುಚ್ಚಿ ಎದ್ದರು. "ಆತು. ಕೆಲವು ತಿಂಗಳ ಮಟ್ಟಿಗೆ ಗಾಡಿ ನಿಲ್ಲಿಸಿ ನೋಡೋಣು ಅಂತ ಬರೀತೀನಿ. ಟಿಕೆಟ್ ಹೋದ್ರ ಸ್ಟೇಷನ್ ಉಳೀತದ, ಹೋಗದಿದ್ರ ಇನ್ನೊಮ್ಮೆ ನಾ ಬರೂದಿಲ್ಲ."

ಚಪ್ಪಾಳೆಯೋ ಚಪ್ಪಾಳೆ. ಯಾರೋ ಪಟಾಕಿ ಹಚ್ಚಲು ಕಡ್ಡಿಪೆಟ್ಟಿಗೆ ಹುಡುಕಿದರು. ಜೀಪಿನ ತನಕ ಹೋದ ಮೇಡಂ ತಿರುಗಿ ನಿಂತು ಜಗದೇವಪ್ಪನನ್ನು ಕರೆದರು. ಊರೂ ಹಿಂದೆ ಬಂತು.

"ಏಜೆಂಟ್ ಯಾರಾಗಬೇಕು ಅನ್ನೂದು ಊರು ಹೇಳೂ ಮಾತಲ್ಲ, ನಾ ಬರಿಯೂ ಮಾತು," ಎಂದರು ಎಲ್ಲರಿಗೂ ಕೇಳುವ ಹಾಗೆ. "ಇವತ್ತ ಇಲ್ಲಿ ಏನಾತು ಅಂತ ನನಗ ಪೂರ್ತಿ ತಿಳಿದಿಲ್ಲ, ಆದ್ರ ಜರಾ ತಿಳಿದದ. ಹಳೇ ಏಜೆಂಟರ ಹೆಸರೇ ಮುಂದುವರಿಸಬಹುದು ಅಂತ ಬರೀಲಿಕ್ಕೆ ನನಗೇನೂ ಅಡ್ಡಿ ಇಲ್ಲ."

"ಬರೀರಿ ಮೇಡಂ, ನಮ್ಮ ಜಗದೇವಪ್ಪನ್ನೇ ಬರೀರಿ!" ಎಂದಿತು ಊರು ಒಕ್ಕೊರಲಿನಲ್ಲಿ. ಅಮರನಾಥನ ಭಾವ ಅನೀಲಕುಮಾರ ಮಾತ್ರ ಸ್ವಲ್ಪ ತಡವಾಗಿ ದನಿಗೂಡಿಸಿದ. ದೇವೀಂದ್ರಪ್ಪ ಮೆಲ್ಲಗೆ ಪಕ್ಕಕ್ಕೆ ಬಂದು, ಜಗದೇವಪ್ಪನ ಹೆಗಲ ಮೇಲೆ ಕೈಯಿಟ್ಟು, "ಈ ಸಲ ಬೆಳಿ ಛಲೋ ಬಂದದಪಾ, ಏನೂ ಚಿಂತಿ ಮಾಡಬ್ಯಾಡ," ಎಂದ.

ಮೇಡಂ ಕೇಳಿದರು: "ಹೇಳ್ರಿ. ಟಿಕೆಟ್ ಕಿಟಕಿಗೆ ನಿಮ್ಮ ಹೆಸರೇ ಬರೀಲೇನು?"

ಜಗದೇವಪ್ಪ ಹೆಗಲ ಮೇಲಿನ ಕೈಯನ್ನು ನೋಡಿದ, ಅಳಿಯನನ್ನು ನೋಡಿದ, ಪ್ಲಾಟ್‌ಫಾರ್ಮಿನ ಆಚೆ ಬೇವಿನ ಗಿಡದ ಕೆಳಗೆ ಸಾಲಾಗಿ ನಿಲ್ಲಿಸಿದ್ದ ಊರಿನ ಮೋಟಾರ್ ಸೈಕಲ್ಲುಗಳನ್ನು ಒಂದಷ್ಟು ಹೊತ್ತು ನೋಡಿದ.

"ಟಿಕೇಟ ಬ್ಯಾಡ್ರಿ ಮೇಡಂ," ಎಂದ. "ಸೈಕಲ್ ಮೋಟಾರ್ ನಿಂದ್ರಸೂ ಸ್ಟ್ಯಾಂಡ್ ಏನರ ಮಾಡಾವ್ರಿದ್ರ, ಅದನ್ನ ನನಗ ಕೊಡ್ರಿ. ಅಲ್ಲಿ ಎಂಥಾ ಬೀಗರೇ ಇರ್ಲಿ, ರೊಕ್ಕ ಇಡೂತನಾ ಗಾಡಿ ನನ್ನ ಸರಪಳ್ಯಾಗೇ ಇರ್ತದ."